ಮಂಜವ್ವನ ಪರೀಕ್ಷೆ

ಮಿನ್‌ಜಿ ನಮ್ಮ ಮನೆಯಲ್ಲಿ ಇರಲು ಬಂದ ದಿನ ಅವ್ವ ಬೆಂಡಿಕಾಯಿ ಪಲ್ಲೆ ಮಾಡಿದ್ದಳು. ಜನವರಿಯ ಚಳಿಯಲ್ಲಿ ಎಳೆಯ ಬೆಂಡಿಕಾಯಿ ಸಿಗುವುದೇ ಅಪರೂಪ. ಅಪ್ಪ ಷಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಗಿರಾಕಿಗಳನ್ನು ಇಳಿಸಿದವನು ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ರಸ್ತೆಯ ತನಕ ವ್ಯಾನ್ ಓಡಿಸಿಕೊಂಡು ಹೋಗಿ ತಂದಿದ್ದ. ತನ್ನ ಅಪ್ಪ-ಅಮ್ಮನನ್ನು ಅವತ್ತೇ ಮಧ್ಯಾಹ್ನ ವಿಮಾನ ಹತ್ತಿಸಿ ಬಂದ ಹುಡುಗಿ, ಬಾಯಿಗೆ ರುಚಿಯಾದದ್ದು ಏನಾದರೂ ತಿನ್ನಲಿ ಎಂಬುದು ಅವ್ವನ ಆಸೆ. ಮಿನ್‌ಜಿ ರೊಟ್ಟಿ ಮುರಿದಳು, ಪಲ್ಲೆ ಹಿಡಿದಳು, ಕೈ ಎತ್ತಿದಳು. ತಾಟಿನಿಂದ ರೊಟ್ಟಿಯ ತನಕ ಲೋಳೆಯ ಎಳೆಯೊಂದು ನೂಲಿನಂತೆ ಎದ್ದು ಬಂತು. ಅದನ್ನು ನೋಡಿದ್ದೇ ಅವಳ ಮುಖ ಬಿಳಚಿಕೊಂಡಿತು. ತುತ್ತನ್ನು ಮೆಲ್ಲಗೆ ತಾಟಿಗೆ ಇಳಿಸಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು:

"ಇದು ಜಾರುತ್ತದೆ. ನಿನ್ನ ಅಮ್ಮನಿಗೆ ಕ್ಷಮಿಸಿ ಅಂತ ಹೇಳು. ನಾನು ತಿನ್ನುವ ಹಾಗಿಲ್ಲ. ನನಗೆ ಪರೀಕ್ಷೆ ಇದೆ."

"ಪರೀಕ್ಷೆ ನಾಳೆಯಾ?" ಎಂದೆ.

"ಇಲ್ಲ. ನವೆಂಬರ್‌ನಲ್ಲಿ."

ಅವಳ ಊರಿನ ಮಾತಿನಲ್ಲಿ ಪರೀಕ್ಷೆಯಲ್ಲಿ ಫೇಲಾಗುವುದಕ್ಕೆ ಜಾರುವುದು ಎನ್ನುತ್ತಾರಂತೆ. ಹಾಗಾಗಿ ಪರೀಕ್ಷೆ ಬರೆಯುವವರು ಲೋಳೆಯ ಪದಾರ್ಥ ಮುಟ್ಟುವುದಿಲ್ಲ. ನಾನು ಇದನ್ನು ಅವ್ವನಿಗೆ ಹೇಳುವಾಗ ನಗು ತಡೆಯಲಾಗದೆ ಅರ್ಧ ಹೇಳಿದೆ, ಅರ್ಧ ನುಂಗಿದೆ. ಅವ್ವ ನಗಲಿಲ್ಲ. ಅವಳ ಕಣ್ಣು ಹೊಳೆದವು.

"ಪರೀಕ್ಷಾ ಅಂದ್ರ ಹಿಂಗ ಇರಬೇಕು ನೋಡು!" ಎಂದಳು ನನಗೆ. "ನಿನ್ನ ಸಾಲ್ಯಾಗ ಪರೀಕ್ಷಾ ಯಾವಾಗ ಬರ್ತೈತಿ, ಯಾವಾಗ ಹೋಕ್ಕೈತಿ, ಹಡದಾಕೀಗೂ ಗೊತ್ತಾಗಂಗಿಲ್ಲ." ಹಾಗೆ ಅನ್ನುತ್ತಲೇ ಮಿನ್‌ಜಿಯ ತಾಟು ಎತ್ತಿಕೊಂಡು ಹೋಗಿ, ಬೆಂಡಿಕಾಯಿ ತೆಗೆದು, ಬಿಸಿ ಬೇಳೆ ಹಾಕಿ ತಂದಳು. ಅವತ್ತಿನಿಂದ ಜೂನ್ ತನಕ ನಮ್ಮ ಮನೆಗೆ ಬೆಂಡಿಕಾಯಿ ಬರಲಿಲ್ಲ.

ಆಗ ನನಗೆ ಹನ್ನೆರಡು ವರ್ಷ. ಷಿಕಾಗೊ ಪಕ್ಕದ ಇಟಾಸ್ಕಾ ಎಂಬ ಸಣ್ಣ ಊರಿನಲ್ಲಿ, ಒಂದರ ಗೋಡೆಗೆ ಇನ್ನೊಂದು ಹತ್ತಿದ ಮನೆಗಳ ಸಾಲಿನಲ್ಲಿ ನಮ್ಮದೊಂದು ಮನೆ. ಮೇಲೆ ಎರಡು ಮಲಗುವ ಕೋಣೆ, ನಡುವೆ ಅಡಿಗೆಮನೆ ಮತ್ತು ಕೂರುವ ಜಾಗ, ಕೆಳಗೆ ಬೇಸ್‌ಮೆಂಟ್. ಆ ಬೇಸ್‌ಮೆಂಟ್ ಅವ್ವನ ಸಂಸ್ಥಾನ. ರಾಣೆಬೆನ್ನೂರಿನಲ್ಲಿ ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಅಮೆರಿಕದ ಸ್ಪ್ರಿಂಗ್ ಗಾದಿಯ ಮೇಲೆ ಮಲಗಿದರೆ ಹಡಗಿನಲ್ಲಿ ಮಲಗಿದ ಹಾಗಾಗುತ್ತದೆ ಎಂದು ಅವ್ವ ಎಲ್ಲೆಲ್ಲಿಂದಲೋ ಹತ್ತಿ ತರಿಸಿ ತಾನೇ ಗಾದಿ ಹೊಲಿಯುತ್ತಿದ್ದಳು. ನಮಗೆ ಬೇಕಾದದ್ದಕ್ಕಿಂತ ಹೆಚ್ಚು ಹೊಲಿದು ಬೇಸ್‌ಮೆಂಟಿನ ಗೋಡೆಗೆ ಒಟ್ಟುತ್ತಿದ್ದಳು. ಬಂದವರೆಲ್ಲ ಮಲಗಲಿ ಎಂದು. ಬರುವವರು ಯಾರು ಎಂದು ನಾನು ಕೇಳಿದರೆ, "ಗಾದಿ ಇದ್ರ ಮಂದಿ ಬರ್ತಾರ" ಎನ್ನುತ್ತಿದ್ದಳು. ಹಾಗೆ ಬಂದವಳು ಮಿನ್‌ಜಿ.

ಅವಳ ಅಪ್ಪ ಕೊರಿಯಾದ ಒಂದು ಕಂಪನಿಯ ಇಲ್ಲಿನ ಆಫೀಸಿನಲ್ಲಿ ಮ್ಯಾನೇಜರ್. ನಮ್ಮ ಸಾಲಿನ ಕೊನೆಯ ಮನೆ ಅವರದು. ಓಹೇರ್‌ಗೆ ಹೋಗಬೇಕಾದಾಗೆಲ್ಲ ಅಪ್ಪನ ವ್ಯಾನೇ. ಮೂರು ವರ್ಷ ಕಳೆದ ಮೇಲೆ ಕಂಪನಿ ಅವರನ್ನು ಇದ್ದಕ್ಕಿದ್ದಂತೆ ವಾಪಸು ಕರೆಸಿತು. ಮಿನ್‌ಜಿಗೆ ಹೈಸ್ಕೂಲು ಮುಗಿಯಲು ಇನ್ನೂ ಐದು ತಿಂಗಳಿತ್ತು. ಇಲ್ಲಿನ ಹೈಸ್ಕೂಲು ಮುಗಿಸದೆ ಅಲ್ಲಿನ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಹಾಗಿಲ್ಲ. ಅದೇ ಶಾಲೆಯಲ್ಲಿ ಮುಗಿಸಬೇಕಾದರೆ ಶಾಲೆಯ ಗಡಿಯೊಳಗೆ ಇರಬೇಕು. ಅವರ ಚರ್ಚಿನ ಪರಿಚಯದವರೆಲ್ಲ ಗಡಿಯಾಚೆ ಇದ್ದರು. ಕೊನೆಗೆ ಮಿನ್‌ಜಿಯ ಅಪ್ಪ ವ್ಯಾನಿನ ಹಿಂದಿನ ಸೀಟಿನಿಂದ ಬಹಳ ಸಂಕೋಚದಲ್ಲಿ ನಮ್ಮಪ್ಪನನ್ನು ಕೇಳಿದರು. ಅಪ್ಪ ಮನೆಗೆ ಬಂದು ಅವ್ವನನ್ನು ಕೇಳಲೂ ಇಲ್ಲ, ಅಲ್ಲೇ ಹೂಂ ಅಂದಿದ್ದ. ಅವ್ವ ಅದಕ್ಕೆ ಒಂದು ಸುತ್ತು ಜಗಳವಾಡಿ, ಜಗಳವಾಡುತ್ತಲೇ ಹೊಸ ಗಾದಿಗೆ ಗವಸು ಹೊಲಿದಳು.

ಎರಡನೆಯ ರಾತ್ರಿಯೇ ಒಂದು ತಮಾಷೆ. ಮಿನ್‌ಜಿ ಅಡಿಗೆಮನೆಯ ಫೋನಿನಿಂದ ಮನೆಗೆ ಕರೆ ಮಾಡಿದಳು. ಆ ಕಡೆ ಫೋನ್ ಎತ್ತಿದ್ದೇ ತಡ, "ಅಪ್ಪಾ!" ಎಂದು ಕೂಗಿದಳು. ಸೋಫಾದ ಮೇಲೆ ಕೂತಿದ್ದ ನಮ್ಮಪ್ಪ ಪೇಪರಿನಿಂದ ತಲೆ ಎತ್ತದೆ, "ಏನವಾ?" ಎಂದ. ಮಿನ್‌ಜಿ ಫೋನು ಕಿವಿಯಲ್ಲಿಟ್ಟುಕೊಂಡೇ ಅವನ ಕಡೆ ಬೆಕ್ಕಸಬೆರಗಾಗಿ ನೋಡಿದಳು. ಅವರ ಮಾತಿನಲ್ಲೂ ಅಪ್ಪ ಅಂದರೆ ಅಪ್ಪನೇ! ಐದು ವರ್ಷದ ನನ್ನ ತಮ್ಮ ಇಮ್ತು ಬಿದ್ದು ಬಿದ್ದು ನಕ್ಕ. ಅವ್ವನಿಗೆ ಮಾತ್ರ ಮಿನ್‌ಜಿ ಎಂಬುದು ನಾಲಿಗೆಗೆ ಒಗ್ಗಲಿಲ್ಲ. ಎರಡು ದಿನ ಮಿಂಜಿ, ಮೂರನೆಯ ದಿನ ಮಂಜಿ, ವಾರ ಕಳೆಯುವುದರೊಳಗೆ ಮಂಜವ್ವ. ನಾನು ಅವಳನ್ನು ಬರೀ ಹೆಸರಿನಿಂದ ಕರೆದಾಗ ಅವಳು ತಿದ್ದಿದಳು. ದೊಡ್ಡವರನ್ನು ಹಾಗೆ ಕರೆಯಬಾರದು, ನಿಮ್ಮಲ್ಲಿ ಅಕ್ಕನಿಗೆ ಏನನ್ನುತ್ತೀರಿ ಎಂದು ಕೇಳಿದಳು. ಅಕ್ಕ ಎಂದೆ. ಸರಿ, ಹಾಗೇ ಕರೆ ಎಂದಳು. ಅವ್ವನ ಮಂಜವ್ವ ನನಗೆ ಮಂಜಕ್ಕ ಆದಳು. ಅಮೆರಿಕದಲ್ಲಿ ಹುಟ್ಟಿದ ನಾನು ಅದುವರೆಗೆ ಯಾರನ್ನೂ ಅಕ್ಕ ಎಂದಿರಲಿಲ್ಲ.

ಪರೀಕ್ಷೆ ಎಂಬುದು ಒಬ್ಬಳು ಹುಡುಗಿಯ ಜೊತೆ ಒಂದು ಮನೆಗೆ ಬಂದು ಇಡೀ ಮನೆಯನ್ನು ಹೇಗೆ ಆಳುತ್ತದೆ ಎಂದು ಆಗಲೇ ನಾನು ನೋಡಿದ್ದು. ಮಂಜಕ್ಕನ ಪುಸ್ತಕಗಳು, ಕ್ಯಾಸೆಟ್ಟುಗಳು ಸಿಯೋಲ್‌ನಿಂದ ಡಬ್ಬಿ ಡಬ್ಬಿಯಾಗಿ ಬಂದವು. ಹಗಲು ಅಮೆರಿಕದ ಶಾಲೆ, ಅದು ಅವಳಿಗೆ ಎಡಗೈ ಕೆಲಸ. ನಾಲ್ಕು ಗಂಟೆಗೆ ಬಸ್ಸಿಳಿದು ಬಂದು ಬೇಸ್‌ಮೆಂಟಿಗೆ ಇಳಿದರೆ ನಿಜವಾದ ಶಾಲೆ ಶುರು. ನಾಲ್ಕು ತಾಸು ಮಲಗಿದರೆ ಪಾಸು, ಐದು ತಾಸು ಮಲಗಿದರೆ ನಪಾಸು ಎಂದು ಅವರ ಕಡೆ ಗಾದೆಯಂತೆ. ಅವ್ವನಿಗೂ ಅವಳಿಗೂ ಜಗಳವಾದದ್ದು ಇದೊಂದಕ್ಕೆ. "ಗಾದಿ ಹೊಲಿದು ಕೊಟ್ಟಾಕಿ ನಾನು. ಅದರ ಮ್ಯಾಲ ಮಲಗಲಿಲ್ಲಂದ್ರ ನನಗ ಅವಮಾನ" ಎಂದು ಅವ್ವ ಮೆಟ್ಟಿಲ ಮೇಲೆ ನಿಂತು ಕೂಗುವುದು; ಕೆಳಗಿನಿಂದ ಮಂಜಕ್ಕ, ಕಲಿತ ಎರಡೇ ಎರಡು ಕನ್ನಡ ಮಾತಿನಲ್ಲಿ, "ಸಾಕ್ರಿ ಅವ್ವಾ! ಬ್ಯಾಡ್ರಿ ಅವ್ವಾ!" ಎಂದು ಉತ್ತರಿಸುವುದು. ಕೊನೆಗೆ ಅವ್ವ ಗೆದ್ದಳು. ಬೇಸ್‌ಮೆಂಟಿನ ದೀಪದ ಸ್ವಿಚ್ಚು ಮೇಲಿನ ಬಾಗಿಲ ಪಕ್ಕದಲ್ಲಿತ್ತು.

ಎಲ್ಲರೂ ತಿಳಿದಿದ್ದು ಮಂಜಕ್ಕ ಇಂಗ್ಲಿಷ್ ಓದುತ್ತಾಳೆ ಎಂದು. ಅಮೆರಿಕದಲ್ಲಿ ಮೂರು ವರ್ಷ ಇದ್ದು ಬಂದವಳು, ಇಂಗ್ಲಿಷ್ ವಿಭಾಗದಲ್ಲಿ ಸೀಟು ಸುಲಭ ಎಂದು ಅವಳ ಅಪ್ಪನ ಲೆಕ್ಕ. ಆದರೆ ಅವಳಿಗೆ ಬೇಕಾಗಿದ್ದುದು ಅವಳದೇ ಭಾಷೆ, ಅವಳದೇ ಸಾಹಿತ್ಯ. ಅದಕ್ಕೆ ಪರೀಕ್ಷೆಯ ಮೊದಲ ಪತ್ರಿಕೆ, ಅಂದರೆ ಕೊರಿಯನ್ ಭಾಷೆಯ ಪತ್ರಿಕೆ, ಬಹಳ ಚೆನ್ನಾಗಿ ಆಗಬೇಕು. ಅಲ್ಲಿನ ಮಕ್ಕಳು ಮೂರು ವರ್ಷ ಅದನ್ನೇ ಅರೆದು ಕುಡಿದಿರುವಾಗ ಇವಳು ಆ ಮೂರು ವರ್ಷ ಇಲ್ಲಿದ್ದಳು. ಅದಕ್ಕೇ ದಿನಾ ಸಂಜೆ ಪುಸ್ತಕ ಕೈಯಲ್ಲಿ ಹಿಡಿದು, ಬೇಸ್‌ಮೆಂಟಿನ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತ, ಗಟ್ಟಿಯಾಗಿ ಓದುತ್ತಿದ್ದಳು. ಅವಳ ದನಿ ಬಿಸಿಗಾಳಿಯ ಕೊಳವೆಯಲ್ಲಿ ಏರಿ ಅಡಿಗೆಮನೆಯ ಗಾಳಿಕಿಂಡಿಯಿಂದ ಹೊರಬರುತ್ತಿತ್ತು. ಮೇಲೆ ರೊಟ್ಟಿ ಬಡಿಯುವ ಸದ್ದು, ಕೆಳಗೆ ಕೊರಿಯನ್ ಪದ್ಯ. ನನ್ನ ಬಾಲ್ಯದ ಸಂಜೆ ಅಂದರೆ ಇವೆರಡೇ.

ಫೆಬ್ರವರಿಯ ಒಂದು ಸಂಜೆ ಅಡಿಗೆಮನೆಯ ಕಿಟಕಿಯ ಹೊರಗೆ, ಸೂರಿನ ಅಂಚಿನಿಂದ, ಉದ್ದುದ್ದ ಗಾಜಿನ ಕೋಲುಗಳಂತೆ ಮಂಜುಗಡ್ಡೆ ಇಳಿಬಿದ್ದಿತ್ತು. ಮಂಜಕ್ಕ ನೀರು ಕುಡಿಯಲು ಮೇಲೆ ಬಂದವಳು ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ಹಾಗೇ ನಿಂತಳು. ಲೋಟ ಕೆಳಗಿಟ್ಟಳು.

"ಐಸಿಕಲ್," ಎಂದಳು. "ಇಂಗ್ಲಿಷ್ ಬಂತು. ನನ್ನದು ಬರ್ತಾ ಇಲ್ಲ. ಹಸೀನಾ, ನನ್ನ ಭಾಷೆಯಲ್ಲಿ ಬರ್ತಾ ಇಲ್ಲ!"

ನಿಘಂಟು ನೋಡು ಎಂದೆ. ನೋಡುವುದಿಲ್ಲ ಎಂದಳು. ಚಿಕ್ಕವಳಿದ್ದಾಗ ಅಜ್ಜಿಯ ಮನೆಯ ಸೂರಿನಿಂದ ಅವನ್ನು ಮುರಿದು ಕತ್ತಿ ಮಾಡಿಕೊಂಡು ಆಡಿದ್ದಳಂತೆ. ಅದರ ಹೆಸರನ್ನು ನಿಘಂಟಿನಲ್ಲಿ ನೋಡುವುದೆಂದರೆ ಪರೀಕ್ಷೆಗೆ ಮುಂಚೆಯೇ ಜಾರಿದ ಹಾಗೆ. ಅವಳು ಅಳುತ್ತಿದ್ದಳು. ಅವ್ವ ಏನಾಯಿತೆಂದು ತಿಳಿಯದೆ ಕಾಯಿಸಿದ ಹಾಲು ಕೊಟ್ಟಳು, ಅದೂ ಹಾಗೇ ಉಳಿಯಿತು. ಎಲ್ಲರೂ ಊಟಕ್ಕೆ ಕೂತೆವು. ಇಮ್ತು ಅನ್ನ ಚೆಲ್ಲುತ್ತಿದ್ದ. ಇದ್ದಕ್ಕಿದ್ದಂತೆ ಮಂಜಕ್ಕ ಕುರ್ಚಿ ಬೀಳುವ ಹಾಗೆ ಎದ್ದು ನಿಂತಳು.

"ಗೊದುರುಮ್!" ಎಂದು ಕಿರುಚಿದಳು. "ಗೊದುರುಮ್, ಗೊದುರುಮ್!"

ಇಮ್ತು ಕುಣಿಯತೊಡಗಿದ. ಅಪ್ಪ ಎದ್ದು ಬಾಗಿಲು ತೆಗೆದು ಸೂರಿನಿಂದ ಒಂದನ್ನು ಮುರಿದು ತಂದು, ಮದುವೆಯಲ್ಲಿ ಹೂಮಾಲೆ ಕೊಡುವವನಂತೆ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅವಳು ನಗುತ್ತ, ಅಳುತ್ತ, ಅದನ್ನು ಹಿಡಿದುಕೊಂಡು ಅವ್ವನನ್ನು ಕೇಳಿದಳು: ನಿಮ್ಮದರಲ್ಲಿ ಇದಕ್ಕೆ ಏನನ್ನುತ್ತಾರೆ?

"ನಮ್ಮ ರಾಣೆಬೆನ್ನೂರಾಗ ಇದು ಇಲ್ಲೇ ಇಲ್ಲಲ್ಲವಾ," ಎಂದಳು ಅವ್ವ. "ಇಲ್ಲದ್ದಕ್ಕ ಹೆಸರು ಎಲ್ಲಿಂದ ತರೂದು?"

"ಹಿಮದ ಹಲ್ಲು ಅನ್ನೂನು," ಎಂದ ಅಪ್ಪ.

ಅವತ್ತು ಮಂಜಕ್ಕ ಅಲ್ಲಿಗೇ ಬಿಡಲಿಲ್ಲ. ಊರಿನಿಂದ ಬಂದ ಖಾರದ ಪುಡಿಯ ಪೊಟ್ಟಣಕ್ಕೆ ಸುತ್ತಿದ್ದ ಕನ್ನಡ ಪೇಪರು ಒಲೆಯ ಪಕ್ಕ ಬಿದ್ದಿತ್ತು. ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, ಓದಿ ತೋರಿಸು, ಹೇಗೆ ಕೇಳಿಸುತ್ತದೆ ನೋಡೋಣ ಎಂದಳು. ನನಗೆ ಓದಲು ಬರುವುದಿಲ್ಲ ಎಂದೆ. ಅವ್ವ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ನಾನು. ಅಕ್ಷರ ಯಾಕೆ ಬೇಕು ಎಂದು ಯಾವತ್ತೂ ಅನಿಸಿರಲಿಲ್ಲ. ಮಂಜಕ್ಕ ಬೈಯಲಿಲ್ಲ, ಹಂಗಿಸಲಿಲ್ಲ. ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು:

"ಹಾಗಾದರೆ ನಿನ್ನ ಅಮ್ಮ ಏನಾದರೂ ಬರೆದಿಟ್ಟರೆ, ಅದನ್ನು ಬೇರೆಯವರ ಹತ್ತಿರ ಓದಿಸಿಕೊಳ್ಳುತ್ತೀಯಾ?"

ಅವ್ವನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಆ ಪ್ರಶ್ನೆ ನನಗೆ ತಾಗಿದ್ದಕ್ಕಿಂತ ಹೆಚ್ಚಾಗಿ ಅವ್ವನಿಗೆ ತಾಗಿತು. ಮರುದಿನದಿಂದ ನನಗೂ ಬೇಸ್‌ಮೆಂಟಿನಲ್ಲಿ ಜಾಗ ಸಿಕ್ಕಿತು. ಮೇಜಿನ ಒಂದು ತುದಿಗೆ ಮಂಜಕ್ಕ, ಇನ್ನೊಂದು ತುದಿಗೆ ನಾನು, ಗಾದಿಗಳ ಒಟ್ಟಲಿಗೆ ಒರಗಿ ನನಗೆ ಅಕ್ಷರ ಹೇಳಿಕೊಡುತ್ತ ಅವ್ವ. ನನಗೆ ಪಠ್ಯಪುಸ್ತಕ ಇರಲಿಲ್ಲ. ಖಾರದ ಪುಡಿ, ಹಪ್ಪಳ, ಶೇಂಗಾ ಚಟ್ನಿ ಸುತ್ತಿ ಬಂದ ಪೇಪರುಗಳೇ ನನ್ನ ಪುಸ್ತಕ. ಒತ್ತಕ್ಷರ ಬಂದಾಗ ನಾನು ಪೆನ್ಸಿಲ್ ಎಸೆಯುತ್ತಿದ್ದೆ. ಮಂಜಕ್ಕ ಅದನ್ನು ಎತ್ತಿ, ಕಣ್ಣು ಪುಸ್ತಕದಿಂದ ತೆಗೆಯದೆಯೇ, ಮತ್ತೆ ನನ್ನ ಮುಂದೆ ಇಡುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ಒಂದು ದಿನ "ಹಾವೇರಿ: ಮೆಣಸಿನಕಾಯಿ ಆವಕ ಹೆಚ್ಚಳ" ಎಂಬ ಸಾಲನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ಮೆಣಸಿನಕಾಯಿಯ ಆವಕ ಹೆಚ್ಚಿದ್ದಕ್ಕೆ ಇಷ್ಟು ಖುಷಿಪಟ್ಟವರು ಮಾರುಕಟ್ಟೆಯಲ್ಲೂ ಇದ್ದಿರಲಾರರು. ಇಂದು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದಕ್ಕೆ ಆ ಮೇಜೇ ಕಾರಣ.

ನಮ್ಮ ಮನೆ ಓಹೇರ್‌ಗೆ ಇಳಿಯುವ ವಿಮಾನಗಳ ದಾರಿಯ ಕೆಳಗಿತ್ತು. ನಮಗೆ ರೂಢಿಯಾಗಿತ್ತು, ವಿಮಾನ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದೆವು. ಆದರೆ ಮಂಜಕ್ಕನ ಪರೀಕ್ಷೆಯಲ್ಲಿ ಕೇಳಿಸಿಕೊಂಡು ಉತ್ತರ ಬರೆಯುವ ಭಾಗವೊಂದಿತ್ತು. ಒಂದು ಶನಿವಾರ ನಿಜವಾದ ಪರೀಕ್ಷೆಯ ಹಾಗೆಯೇ, ಗಡಿಯಾರ ಇಟ್ಟು, ಬರೆದು ನೋಡುವುದೆಂದು ನಿರ್ಧಾರವಾಯಿತು. ಕ್ಯಾಸೆಟ್ ಹಾಕಿದಳು. ಕೊರಿಯಾದ ಹೆಂಗಸೊಬ್ಬಳು ನಯವಾಗಿ ಮಾತು ಶುರು ಮಾಡಿದಳು. ಅಷ್ಟರಲ್ಲಿ ವಿಮಾನ ಬಂತು. ಕ್ಯಾಸೆಟ್ ಹಿಂದಕ್ಕೆ ಓಡಿಸಿದಳು. ಇನ್ನೊಂದು ವಿಮಾನ. ಮೂರನೆಯದಕ್ಕೆ ಮಂಜಕ್ಕ ಪೆನ್ಸಿಲ್ ಕೆಳಗಿಟ್ಟಳು.

"ನಮ್ಮ ದೇಶದಲ್ಲಿ ಈ ಭಾಗ ನಡೆಯುವಾಗ ವಿಮಾನ ನಿಲ್ಲಿಸುತ್ತಾರೆ," ಎಂದಳು. ನಾನು ಅದನ್ನು ಮೆಟ್ಟಿಲ ಮೇಲಿದ್ದ ಅಪ್ಪನಿಗೆ ಕೂಗಿ ಹೇಳಿದೆ.

"ಸುಳ್ಳು!" ಎಂದ ಅಪ್ಪ. "ಒಂದು ಪರೀಕ್ಷಾಕ್ಕ ಯಾರರೆ ವಿಮಾನ ನಿಂದರಸ್ತಾರೇನು? ನಾನು ಒಬ್ಬ ಗಿರಾಕಿ ಸಲುವಾಗಿ ಒಂದು ಗಳಿಗಿ ಗಾಡಿ ನಿಂದರಿಸಿದ್ರ ಪೊಲೀಸ ಬಂದು ನಿಂದರ್ತಾನ."

ನಿಜ ಎಂದಳು ಮಂಜಕ್ಕ. ಅವತ್ತು ಆಫೀಸುಗಳು ತಡವಾಗಿ ತೆರೆಯುತ್ತವೆ, ಮಕ್ಕಳಿಗೆ ರಸ್ತೆ ಖಾಲಿ ಇರಲಿ ಎಂದು. ಯಾರಿಗಾದರೂ ತಡವಾದರೆ ಪೊಲೀಸರೇ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಪರೀಕ್ಷೆಯ ಬಾಗಿಲಿಗೆ ಬಿಡುತ್ತಾರೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ಇದನ್ನೆಲ್ಲ ಕೇಳಿದ. "ಪೊಲೀಸರ ಗಾಡಿ ಮ್ಯಾಲ!" ಎಂದ. "ಅಂಥಾ ದೇಶ ಒಮ್ಮೆ ಕಣ್ಣಿಲೆ ನೋಡಬೇಕಲ್ಲಪಾ."

ಅವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ವಿಮಾನ ನಿಲ್ಲಂಗಿಲ್ಲಂದ್ರ ಏನಾತು, ಸದ್ದು ನಿಂದರಸೂನು. ಹಸೀನಾ, ಹಿಡಿ ಆ ಕಡೆ." ಒಟ್ಟಲಿನಿಂದ ಗಾದಿಗಳು ಇಳಿದವು. ಬೇಸ್‌ಮೆಂಟಿನ ಸಣ್ಣ ಕಿಟಕಿಗೆ ಒಂದು ಗಾದಿ, ಅದಕ್ಕೆ ಅಪ್ಪನ ಬೆನ್ನು ಆನಿಕೆ. ಮೆಟ್ಟಿಲ ಬಾಯಿಗೆ ಇನ್ನೊಂದು. ಸುತ್ತ ಗೋಡೆಗೆ ಉಳಿದವು, ಅವುಗಳಿಗೆ ಕುರ್ಚಿ, ಇಸ್ತ್ರಿ ಮೇಜು, ಅಪ್ಪನ ವ್ಯಾನಿನ ಹಳೆಯ ಟೈರು ಆಸರೆ. ಮೇಜಿನ ಮೇಲೂ ಒಂದು ಗಾದಿ ಚಪ್ಪರ ಹಾಕಬೇಕೆಂದು ಅವ್ವ ಹೊರಟಳು, ಮಂಜಕ್ಕ "ಸಾಕ್ರಿ ಅವ್ವಾ!" ಎಂದು ಬೇಡಿಕೊಂಡಳು. ಕೋಣೆಯೊಳಗೆ ಹತ್ತಿಯ ವಾಸನೆ, ಬೆಚ್ಚನೆಯ ಮಬ್ಬು, ನಮ್ಮ ಉಸಿರೂ ನಮಗೇ ಹತ್ತಿರವಾಗಿ ಕೇಳಿಸುತ್ತಿತ್ತು. ಕ್ಯಾಸೆಟ್ ಮತ್ತೆ ಶುರುವಾಯಿತು. ವಿಮಾನ ಬಂತು, ದೂರದ ಗಿರಣಿಯ ಸದ್ದಿನ ಹಾಗೆ ಗುಂಯ್ ಎಂದು ಹೋಯಿತು. ಹೆಂಗಸಿನ ಮಾತು ಒಂದೂ ಮುಕ್ಕಾಗಲಿಲ್ಲ. ಮಂಜಕ್ಕ ಬಾಗಿ ಬರೆದಳು. ನಾನೂ ಬರೆದೆ, ಅವ್ವ ನನಗೂ ಪತ್ರಿಕೆ ಸಿದ್ಧಮಾಡಿದ್ದಳು. ಹಪ್ಪಳದ ಪೇಪರಿನ ಸುದ್ದಿ ಓದಿ, ಬ್ಯಾಡಗಿ ಮೆಣಸಿನಕಾಯಿಗೆ ರೇಟು ಯಾಕೆ ಬಿತ್ತು ಎಂದು ಕನ್ನಡದಲ್ಲಿ ಉತ್ತರಿಸಬೇಕು. ಕಿಟಕಿಗೆ ಆನಿಕೊಂಡಿದ್ದ ಅಪ್ಪ ಸೀನು ಬಂದದ್ದನ್ನು ಮೂಗು ಹಿಡಿದು ನುಂಗಿದ. ಮುಗಿದ ಮೇಲೆ ಮಂಜಕ್ಕ ತನ್ನ ಉತ್ತರಗಳನ್ನು ತಾಳೆ ನೋಡಿದಳು. ಕೇಳಿಸಿಕೊಳ್ಳುವ ಭಾಗ ಪೂರ್ತಿ ಸರಿ! ಅವಳು ಎಗರಿದ ರಭಸಕ್ಕೆ ಒಂದು ಗಾದಿ ಬಿತ್ತು, ಅದು ಇನ್ನೊಂದನ್ನು ಕೆಡವಿತು, ಮೆಟ್ಟಿಲ ಗಾದಿಯ ಹಿಂದೆ ಕಾವಲಿದ್ದ ಇಮ್ತು ಅದರ ಜೊತೆಗೇ ಉರುಳಿಕೊಂಡು ಬಂದ. ಎಲ್ಲರೂ ಗಾದಿಗಳ ಮೇಲೆ ಬಿದ್ದು ನಕ್ಕೆವು.

ಏಪ್ರಿಲ್‌ನಲ್ಲಿ ಕೊರಿಯಾದಿಂದ ಬಂದ ಒಂದು ಫೋನು ಈ ಸಂಭ್ರಮಕ್ಕೆಲ್ಲ ಕಲ್ಲು ಹಾಕುವಂತಿತ್ತು. ಅವಳ ಅಪ್ಪನಿಗೆ ಮಗಳ ಆಸೆ ತಿಳಿದುಹೋಗಿತ್ತು. ಮಂಜಕ್ಕ ಅಡಿಗೆಮನೆಯಲ್ಲಿ ನಿಂತು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಮಾತನಾಡಿದಳು. ನಮಗೆ ತಿಳಿದದ್ದು ಅಪ್ಪಾ ಎಂಬ ಒಂದೇ ಮಾತು; ಅದು ಪ್ರತಿ ಸಲವೂ ಹೆಚ್ಚು ಹೆಚ್ಚು ಒಡೆಯುತ್ತ ಬಂತು. ಕೊನೆಗೆ ರಿಸೀವರನ್ನು ಎದೆಗೆ ಒತ್ತಿಕೊಂಡು ನನಗೆ ಹೇಳಿದಳು: ಇಂಗ್ಲಿಷ್ ತೆಗೆದುಕೊಳ್ಳುವುದಾದರೆ ಮಾತ್ರ ಪರೀಕ್ಷೆ ಬರಿ ಅನ್ನುತ್ತಿದ್ದಾರೆ. ಮೂರು ವರ್ಷ ಬಿಟ್ಟವಳಿಗೆ ಕೊರಿಯನ್ ಯಾರು ಕೊಡುತ್ತಾರೆ ಅನ್ನುತ್ತಿದ್ದಾರೆ.

ನಾನು ಅವ್ವನಿಗೆ ಹೇಳಿದೆ. ಅವ್ವನ ಕೈ ತುಂಬ ಜೋಳದ ಹಿಟ್ಟಿತ್ತು. ಅದೇ ಕೈಯಲ್ಲಿ ರಿಸೀವರ್ ತೆಗೆದುಕೊಂಡಳು. ನಮ್ಮಪ್ಪ ಬೇಡ ಬೇಡ ಎಂದು ಕೈ ಮಾಡಿದ. ಅವರು ದೊಡ್ಡ ಮನುಷ್ಯರು, ಅದು ಅವರ ಮನೆಯ ವಿಚಾರ ಎಂದು ಅವನ ಅಂಜಿಕೆ. ಅವ್ವನಿಗೆ ಬರುತ್ತಿದ್ದ ಇಂಗ್ಲಿಷ್ ಕಿರಾಣಿ ಅಂಗಡಿಗೆ ಸಾಕಾಗುವಷ್ಟು.

"ಬ್ರದರ್," ಎಂದಳು. "ಮಿಂಜಿ ರೀಡಿಂಗ್. ಎವ್ರಿಡೇ, ಲೌಡ್. ಐ ನೋ ಅಂಡರ್‌ಸ್ಟ್ಯಾಂಡ್. ಬಟ್ ಐ ಸ್ಟಾಪ್ ರೊಟ್ಟಿ. ಐ ಲಿಸನ್." ಸ್ವಲ್ಪ ತಡೆದು, ಇನ್ನೇನು ಹೇಳುವುದೆಂದು ಹುಡುಕಿ, "ವೆರಿ ನೈಸ್, ಬ್ರದರ್. ಯೂ ಆಲ್ಸೋ ಲಿಸನ್," ಎಂದಳು.

ಆ ಕಡೆಯಿಂದ ಅವಳ ಅಪ್ಪ ಏನೋ ಕೇಳಿದರು. ಅವ್ವ ರಿಸೀವರನ್ನು ಮಂಜಕ್ಕನ ಕೈಗೆ ಕೊಟ್ಟಳು. ಅಮೆರಿಕಕ್ಕೆ ಬಂದ ಮೇಲೆ ಮಗಳು ಗಟ್ಟಿಯಾಗಿ ಓದಿದ್ದನ್ನು ತಾನು ಕೇಳಿಯೇ ಇಲ್ಲವಲ್ಲ ಎಂದರಂತೆ. ಏನು ಓದುತ್ತೀ ಎಂದು ಕೇಳಿದರಂತೆ. ಮಂಜಕ್ಕ ಪುಸ್ತಕ ತರಲಿಲ್ಲ. ಹಿಟ್ಟು ಮೆತ್ತಿದ ರಿಸೀವರ್ ಹಿಡಿದು, ಕಣ್ಣು ಮುಚ್ಚಿ, ಒಂದು ಪದ್ಯವನ್ನು ಮೊದಲಿನಿಂದ ಕೊನೆಯ ತನಕ ಬಾಯಿಪಾಠ ಹೇಳಿದಳು. ಮುಗಿದ ಮೇಲೆ ಅವಳ ಅಪ್ಪ ಹೇಳಿದ್ದು ಇಷ್ಟೇ: ಮೊದಲು ಪರೀಕ್ಷೆ ಬರಿ, ಆಮೇಲೆ ನೋಡೋಣ. ನಮ್ಮಪ್ಪ ಅದನ್ನು ಕೇಳಿ, "ಅಪ್ಪಂದಿರು ಆಮ್ಯಾಲ ನೋಡೂನು ಅಂದ್ರ ಅರ್ಧಾ ಒಪ್ಪಿಗಿ ಆತು ಅಂತ ತಿಳಕೋ" ಎಂದ.

ಜೂನ್‌ನಲ್ಲಿ ಅವಳು ಹೊರಡುವ ಹಿಂದಿನ ವಾರ ಮನೆ ತುಂಬ ತುಪ್ಪದ ಘಮ. ಜಾರುವುದು ಅಪಶಕುನವಾದರೆ ಅಂಟುವುದು ಶುಭಶಕುನ. ಅವರಲ್ಲಿ ಪರೀಕ್ಷೆ ಬರೆಯುವವರಿಗೆ ಅಂಟಂಟಾದ ಅಕ್ಕಿಯ ಸಿಹಿ ಕೊಡುತ್ತಾರೆ, ಸೀಟು ಅಂಟಿಕೊಳ್ಳಲಿ ಎಂದು. ಇದು ತಿಳಿದದ್ದೇ ಅವ್ವ ಅಂಗಡಿಯಿಂದ ಅಂಟು, ಉತ್ತತ್ತಿ, ಒಣ ಕೊಬ್ಬರಿ ತರಿಸಿದಳು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಬೆಲ್ಲದ ಪಾಕ ಕಾಸಿ ಅಂಟಿನುಂಡೆ ಕಟ್ಟಲು ಕೂತಳು. ಅಪ್ಪನಿಗೆ ನಗು.

"ಲೇ, ಇದು ಬಾಣಂತ್ಯಾರಿಗೆ ಕೊಡೂ ಉಂಡಿ!"

"ಪರೀಕ್ಷಾ ಏನು ಹಡಿಯೂದಕ್ಕಿಂತ ಸಸಾರ ಐತೇನು?" ಎಂದಳು ಅವ್ವ, ಉಂಡೆಯಿಂದ ಕಣ್ಣೆತ್ತದೆ. "ಹೆಸರಿನಾಗ ಅಂಟು ಐತಿ. ಅಂಟ್ಕೊಂಡ ಅಂಟ್ಕೋತೈತಿ."

ಮಂಜಕ್ಕ ಹೋದ ಮೇಲೆ ಬೇಸ್‌ಮೆಂಟಿನಲ್ಲಿ ನಾನೊಬ್ಬಳೇ ಗಟ್ಟಿಯಾಗಿ ಓದುತ್ತಿದ್ದೆ. ನವೆಂಬರ್ ಬಂತು. ಆ ವರ್ಷ ರಂಜಾನ್ ತಿಂಗಳಲ್ಲೇ ಅವಳ ಪರೀಕ್ಷೆ. ಅವರಿಗೆ ಬೆಳಗಾಗುವಾಗ ನಮಗೆ ಹಿಂದಿನ ಸಂಜೆ. ನಾವು ಖರ್ಜೂರ ತಿಂದು ರೋಜಾ ಬಿಟ್ಟು ಒಂದು ತಾಸು ಕಳೆಯುವಷ್ಟರಲ್ಲಿ ಅಲ್ಲಿ ಮೊದಲ ಪತ್ರಿಕೆ. ಅವ್ವ ಅಡಿಗೆಮನೆಯಲ್ಲೇ ಹಾಸಿದ್ದ ಜಾನಮಾಜಿನ ಚಾಪೆಯಿಂದ ಏಳಲೇ ಇಲ್ಲ. ಅಪ್ಪ ಅವತ್ತು ಯಾಕೋ ವ್ಯಾನ್ ತಂದು ಮನೆಯ ಮುಂದೆ ನಿಲ್ಲಿಸಿ ಒಳಗೆ ಬಂದ. ಕೆಲಸ ಇಲ್ಲವಾ ಎಂದೆ.

"ಅಲ್ಲಿ ವಿಮಾನ ನಿಂತಾವ," ಎಂದ. "ಇಲ್ಲಿ ನಂದೂ ಒಂದು ಗಾಡಿ ನಿಲ್ಲಲಿ."

ಇಮ್ತು ಕೂಡ ಆಟ ಬಿಟ್ಟು ಬಂದ. ಅಡಿಗೆಮನೆಯ ಗಡಿಯಾರ ನೋಡುತ್ತ ನಾಲ್ಕೂ ಜನ ಕೂತಿದ್ದೆವು. ಏಳು ಸಾವಿರ ಮೈಲಿ ಆಚೆ ಒಂದು ಇಡೀ ದೇಶ ಉಸಿರು ಬಿಗಿಹಿಡಿದು ನಿಂತಿದೆ, ಅದರ ನಡುವೆ ನಮ್ಮ ಮಂಜಕ್ಕ ಪೆನ್ಸಿಲ್ ಹಿಡಿದು ಕೂತಿದ್ದಾಳೆ ಎಂದು ನೆನೆದು ನಾನೂ ನನ್ನ ಪೆನ್ಸಿಲ್ ಕೈಗೆತ್ತಿಕೊಂಡೆ. ಯಾರಿಗಾಗಿಯಾದರೂ ನಾನು ಅಷ್ಟು ಬಯಸಿದ್ದು ಅದೇ ಮೊದಲು. ಒಂದು ಪರೀಕ್ಷೆ ನನಗೂ ಬೇಕು, ಜಗತ್ತು ನಿಂತು ಕಾಯುವಂಥದ್ದು, ಎಂದು ಅನಿಸಿದ್ದೂ ಅದೇ ಸಂಜೆ.

ಅಂಕಗಳು ಡಿಸೆಂಬರಿನಲ್ಲಿ ಬಂದವು. ಭಾಷೆಯ ಪತ್ರಿಕೆ ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು, ಗಣಿತ ಕೈಕೊಟ್ಟಿತ್ತು. ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದಿತ್ತು, ಮೂರಕ್ಕೂ ಕೊರಿಯನ್ ಭಾಷೆಗೇ ಹಾಕಿದಳು. ಜನವರಿಯಲ್ಲಿ ಒಂದು ಕಡೆಯಿಂದ ಇಲ್ಲ ಎಂದು ಬಂತು. ವಾರದ ಮೇಲೆ ಇನ್ನೊಂದು ಕಡೆಯಿಂದಲೂ ಇಲ್ಲ. ಮೂರನೆಯದೂ ಇಲ್ಲವಾದರೆ ಮತ್ತೊಂದು ವರ್ಷ ಕೂತು, ಇಂಗ್ಲಿಷ್‌ಗಾಗಿ ಬರೆಯುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು. ಅವ್ವ ಮಾತು ಮುಗಿಸಿ ಬಂದು, ಯಾರೊಂದಿಗೂ ಮಾತಾಡದೆ, ಹತ್ತಿ ತೆಗೆದುಕೊಂಡು ಕೆಳಗೆ ಹೋಗುತ್ತಿದ್ದಳು.

ಫೆಬ್ರವರಿಯ ಒಂದು ಮುಂಜಾನೆ, ಇನ್ನೂ ಬೆಳಕು ಹರಿದಿರಲಿಲ್ಲ, ಶಾಲೆಗೆ ಸಿದ್ಧಳಾಗುತ್ತಿದ್ದಾಗ ಫೋನು ರಿಂಗಾಯಿತು. ನಾನೇ ಎತ್ತಿದೆ.

"ಹಸೀನಾ," ಎಂದಳು. ಆಮೇಲೆ, "ಸಿಕ್ಕಿತು. ನನ್ನದೇ ಸಿಕ್ಕಿತು. ಸಿಯೋಲ್ ಅಲ್ಲ, ಬಹಳ ದೂರದ ಊರು, ಸಣ್ಣ ವಿಶ್ವವಿದ್ಯಾಲಯ. ಅಪ್ಪ ಸರಿ ಅಂದರು. ಅಪ್ಪನೇ ನಕಾಶೆ ತೆಗೆದು ಆ ಊರು ಹುಡುಕುತ್ತಾ ಇದ್ದಾರೆ!"

ಆ ಗಳಿಗೆಯಲ್ಲಿ ಇಡೀ ಅಮೆರಿಕದಲ್ಲಿ ಆ ಸುದ್ದಿ ಗೊತ್ತಿದ್ದವಳು ನಾನೊಬ್ಬಳೇ. ಒಂದೆರಡು ಕ್ಷಣ ಅದನ್ನು ಬಾಯೊಳಗೆ ಇಟ್ಟುಕೊಂಡೆ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದೆ: "ಅವ್ವಾ! ಅಕ್ಕಗ ಸೀಟು ಸಿಕ್ತು!" ಅವ್ವ ಮೇಲಿನಿಂದ ಇಳಿದದ್ದು ನನಗೆ ಕಾಣಿಸಲೇ ಇಲ್ಲ; ಮುಂಬಾಗಿಲು ತೆರೆದು ಚಳಿ ಒಳಗೆ ನುಗ್ಗಿದಾಗಲೇ ಗೊತ್ತಾಗಿದ್ದು. ಕಾಲುಚೀಲದಲ್ಲೇ ಹಿಮಕ್ಕೆ ಇಳಿದು ಓಡಿದ್ದಳು. ಹೊರಗೆ ಅಪ್ಪ ವ್ಯಾನಿನ ಗಾಜಿನ ಮೇಲಿನ ಹಿಮ ಕೆರೆದು, ಒಳಗೆ ಕೂತು ಇಂಜಿನ್ ಬಿಸಿ ಮಾಡುತ್ತಿದ್ದ. ಅವ್ವ ಗಾಜು ಬಡಿದಳು. ಅಪ್ಪ ಗಾಜು ಇಳಿಸಿದ. ಕಿಟಕಿಯ ಹಿಂದೆ ಫೋನು ಹಿಡಿದು ನಿಂತ ನನಗೆ ಮಾತು ಕೇಳಿಸಲಿಲ್ಲ, ಅವ್ವನ ಕೈ ಮಾತ್ರ ಕಾಣುತ್ತಿತ್ತು. ಅವಳಿ ಗೋಪುರಗಳು ಉರುಳಿದ ನಂತರದ ಆ ವರ್ಷಗಳಲ್ಲಿ ಅಪ್ಪ ಬಹಳ ಮೆಲ್ಲಗೆ ಬದುಕುತ್ತಿದ್ದ. ವಿಮಾನ ನಿಲ್ದಾಣಕ್ಕೆ ವ್ಯಾನ್ ಓಡಿಸುವ, ನಮ್ಮಂಥ ಹೆಸರಿನವನು. ಮುಂಜಾನೆ ಹೊರಡುವಾಗ ಬಾಗಿಲನ್ನೂ ಎರಡು ಕೈಯಲ್ಲಿ ಹಿಡಿದು ಸದ್ದಾಗದಂತೆ ಹಾಕುತ್ತಿದ್ದ. ಅಂಥವನು ಅವತ್ತು ಹಾರ್ನಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ.

ನಮ್ಮ ಸಾಲಿನಲ್ಲಿ ಒಂದು ಮನೆಯ ದೀಪ ಹತ್ತಿತು. ಅದರ ಪಕ್ಕದ್ದು. ರಸ್ತೆಯಾಚೆ ಎರಡು. ಫೋನಿನಲ್ಲಿ ಮಂಜಕ್ಕ ಅದೇನು ಸದ್ದು, ಅದೇನು ಸದ್ದು ಎಂದು ಕೇಳುತ್ತಿದ್ದಳು. ಎದುರು ಮನೆಯ ಮುದುಕಪ್ಪ ಕೋಟು ಹೆಗಲಿಗೆ ಹಾಕಿಕೊಂಡು ಬಾಗಿಲು ತೆರೆದು, ಏನಾಯಿತು, ಎಲ್ಲ ಸರಿಯಿದೆಯಾ ಎಂದು ಗಾಬರಿಯಿಂದ ಕೂಗಿದ. ಅಪ್ಪ ಗಾಜಿನಿಂದ ತಲೆ ಹೊರಗೆ ಹಾಕಿದ.

"ಮೈ ಡಾಟರ್!" ಎಂದು ಕೂಗಿ ಹೇಳಿದ. "ಕಾಲೇಜ್!"

ಮುದುಕಪ್ಪ ಎರಡೂ ಕೈ ಮೇಲೆತ್ತಿದ. ಅಪ್ಪ ಮತ್ತೆ ಹಾರ್ನ್ ಒತ್ತಿದ.